ದೋಣಿಯ ಧ್ವಜಕೋಲು ಅಲುಗಾಡದಂತೆ ಕೂರಿಸುವುದು: ಕೊಡಗಿನ ಮಳೆ ಬಿಸಿಲಿಗೆ ಒಗ್ಗುವ ಸಮಗ್ರ ಮಾರ್ಗದರ್ಶಿ

ದೋಣಿಯ ಹಿಂಬದಿಯ ಧ್ವಜಕೋಲು ತನ್ನ ಸಾಕೆಟ್ಟಿನಲ್ಲಿ (ಕೋಲಿನ ಬುಡವನ್ನು ಹಿಡಿದು ನಿಲ್ಲಿಸುವ ಕೊಳವೆಯಂಥ ಗೂಡಿನಲ್ಲಿ) ಕಟಕಟನೆ ಅಲುಗಾಡತೊಡಗಿದಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಕೈಗೆ ಸಿಕ್ಕ ಬಟ್ಟೆಯ ಚೂರನ್ನೋ ಮಡಚಿದ ರಟ್ಟನ್ನೋ ಸಂದಿಗೆ ತುರುಕಿ ಸುಮ್ಮನಾಗುವುದು. ಬಯಲುಸೀಮೆಯ ಕೆರೆಯಲ್ಲಿ ಈ ಉಪಾಯ ಒಂದು ಬೇಸಗೆಯನ್ನು ಕಳೆದೀತು. ಆದರೆ ದುಬಾರೆ, ಹಾರಂಗಿ, ಚಿಕ್ಲಿಹೊಳೆಗಳ ಸುತ್ತಮುತ್ತ, ವರ್ಷದಲ್ಲಿ ನಾಲ್ಕು ತಿಂಗಳು ಗಾಳಿಯೇ ಒದ್ದೆಯಾಗಿರುವ ಕಡೆ, ತುರುಕಿದ ಬಟ್ಟೆ ನೀರು ಹಿಡಿದು ಕೊಳೆಯುತ್ತದೆ, ಕೋಲಿನ ಬುಡವನ್ನೂ ಕೊಳೆಸುತ್ತದೆ. ಮಾರ್ಚ್ ತಿಂಗಳ ಬಿಸಿಲಿಗೆ ಅದೇ ಬಟ್ಟೆ ಒಣಗಿ ಕುಗ್ಗಿ, ಕೋಲು ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಸರಿಯಾದ ದುರಸ್ತಿಯೆಂದರೆ ಸಂದಿಯನ್ನು ಮುಚ್ಚಿಬಿಡುವುದಲ್ಲ. ಕೋಲು ತನ್ನ ಬುಡದಲ್ಲಿ ಮತ್ತು ಸಾಕೆಟ್ಟಿನ ಬಾಯಲ್ಲಿ, ಹೀಗೆ ಎರಡು ಕಡೆ ಸಮನಾಗಿ ಆತುಕೊಳ್ಳಬೇಕು, ಒಳಗೆ ಬಿದ್ದ ನೀರು ಹರಿದುಹೋಗಬೇಕು, ಬೇಕೆಂದಾಗ ಕೋಲು ಕೈಯಿಂದಲೇ ಹೊರಗೆ ಬರಬೇಕು. ಈ ಮೂರನ್ನೂ ಒಟ್ಟಿಗೆ ಸಾಧಿಸುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಡಿಲ ಎಲ್ಲಿದೆ ಎಂಬುದನ್ನು ಮೊದಲು ಹುಡುಕಿ

ಕೋಲು ಅಲುಗಾಡಿದ ಮಾತ್ರಕ್ಕೆ ಸಾಕೆಟ್ಟೇ ದೊಡ್ಡದಾಗಿದೆ ಎಂದು ತೀರ್ಮಾನಿಸಬಾರದು. ದೋಣಿಯನ್ನು ದಡಕ್ಕೆಳೆದು ನಿಲ್ಲಿಸಿ, ಎಡಗೈಯ ಹೆಬ್ಬೆರಳು ಅರ್ಧ ಸಾಕೆಟ್ಟಿನ ಅಂಚಿನ ಮೇಲೂ ಅರ್ಧ ಕೋಲಿನ ಮೇಲೂ ಇರುವಂತೆ ಇಟ್ಟು, ಬಲಗೈಯಿಂದ ಕೋಲನ್ನು ನಡುಮಟ್ಟದಲ್ಲಿ ಹಿಡಿದು ನಿಧಾನವಾಗಿ ಅತ್ತಿತ್ತ ತೂಗಿ. ಕೋಲಿಗೂ ಅಂಚಿಗೂ ನಡುವೆ ಚಲನೆ ಬೆರಳಿಗೆ ತಿಳಿದರೆ ತೊಂದರೆ ಸಾಕೆಟ್ಟಿನ ಒಳಗಿದೆ. ಎರಡೂ ಒಟ್ಟಾಗಿ ಅಲುಗಿದರೆ ಸಾಕೆಟ್ಟಿನ ತಳವೇ ದೋಣಿಯ ಮೈಯಿಂದ ಬಿಟ್ಟಿದೆ. ಆಗ ಹೆಬ್ಬೆರಳನ್ನು ತಳದ ಅಂಚಿಗೂ ದೋಣಿಯ ಫೈಬರಿಗೂ ಸೇರುವಂತೆ ಇಟ್ಟು ಅದೇ ಪರೀಕ್ಷೆಯನ್ನು ಮತ್ತೆ ಮಾಡಿ. ಸ್ಕ್ರೂ ಸುತ್ತ ಕಂದು ನೀರಿನ ಕಲೆ, ಕೂದಲೆಳೆಯಂಥ ಬಿರುಕು, ಒತ್ತಿದಾಗ ಸಣ್ಣಗೆ ಉಸಿರಿದಂತೆ ಹೊರಡುವ ನೀರಿನ ಗುಳ್ಳೆ ಇವೆಲ್ಲ ತಳ ಬಿಟ್ಟಿರುವುದರ ಗುರುತುಗಳು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ಎಷ್ಟೋ ವೇಳೆ ಶಬ್ದ ಬರುವುದು ಸಾಕೆಟ್ಟಿನಿಂದಲ್ಲ, ಸಡಿಲವಾಗಿ ಕಟ್ಟಿದ ಬಾವುಟದ ಹಗ್ಗ ಕೋಲಿಗೆ ಬಡಿಯುವುದರಿಂದ. ಹಗ್ಗವನ್ನು ಬಿಚ್ಚಿ ತೆಗೆದು, ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿ ಓಡಿಸುತ್ತ ಕೋಲಿನ ಬುಡಕ್ಕೆ ಕಿವಿಗೊಡಿ. ಶಬ್ದ ನಿಂತಿದ್ದರೆ ನಿಮ್ಮ ಕೆಲಸ ಐದು ನಿಮಿಷದ ಗಂಟು ಬಿಗಿಯುವಲ್ಲಿಗೆ ಮುಗಿಯಿತು.

ಸಣ್ಣ ದೋಣಿಯ ಬಾವುಟಕ್ಕೆ ಬೀಳುವ ಗಾಳಿಯ ಬಲ ನಾವು ಎಣಿಸುವಷ್ಟು ದೊಡ್ಡದಲ್ಲ. ಸಾಕೆಟ್ಟನ್ನು ಸವೆಸುವುದು ಬಾವುಟದ ನಿರಂತರ ಪಟಪಟ ಬಡಿತ ಮತ್ತು ಔಟ್‌ಬೋರ್ಡ್ ಎಂಜಿನ್ನಿನ ಕಂಪನ. ಅದನ್ನು ಮುರಿಯುವುದು ಮನುಷ್ಯರ ಕೈ. ಪ್ರವಾಸಿಗರು ದೋಣಿ ಹತ್ತುವಾಗ ಮೊದಲು ಹಿಡಿಯುವುದು ಕಣ್ಣಿಗೆ ಕಂಡ ಈ ಕೋಲನ್ನೇ. ಎಂಬತ್ತು ಕಿಲೋ ತೂಕದ ಒಬ್ಬರು ಮೈಯ ಭಾರದ ಕಾಲುಭಾಗವನ್ನು ಹಾಕಿ ಜಗ್ಗಿದರೂ ತಳದ ನಾಲ್ಕು ಸಣ್ಣ ಸ್ಕ್ರೂಗಳು ಅದನ್ನು ತಾಳಲಾರವು. ಜನ ಹತ್ತುವ ಬದಿಯಲ್ಲಿ ಕೈಹಿಡಿ ಇಲ್ಲದ ದೋಣಿಯಾದರೆ ಮೊದಲು ಅದನ್ನು ಹಾಕಿಸಿ, ಆಮೇಲೆ ಧ್ವಜಕೋಲಿನ ದುರಸ್ತಿಗೆ ಕೈಹಾಕುವುದು ಜಾಣತನ.

ಅಳತೆ ಮತ್ತು ಸ್ವಲ್ಪ ಲೆಕ್ಕ

ವೆರ್ನಿಯರ್ ಕ್ಯಾಲಿಪರಿನಿಂದ ಸಾಕೆಟ್ಟಿನ ಒಳವ್ಯಾಸವನ್ನು ಬಾಯಲ್ಲಿ, ನಡುವೆ ಮತ್ತು ಕ್ಯಾಲಿಪರಿನ ದವಡೆ ಎಟುಕುವಷ್ಟು ಆಳದಲ್ಲಿ ಅಳೆಯಿರಿ; ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ, ಅಂದರೆ ದೋಣಿಯ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯಬೇಕು. ಹಳೆಯ ಸಾಕೆಟ್ಟು ಸಾಮಾನ್ಯವಾಗಿ ದುಂಡಗೆ ಸವೆದಿರುವುದಿಲ್ಲ. ಬಾಯಿಯ ಬಳಿ ಹಿಂದು ಮುಂದಕ್ಕೆ ಅಂಡಾಕಾರವಾಗಿ ಸವೆದಿರುತ್ತದೆ, ಏಕೆಂದರೆ ದೋಣಿ ಓಡುವಾಗ ಬಾವುಟ ಕೋಲನ್ನು ಎಳೆಯುವುದು ಹಿಂದಕ್ಕೆ. ಕೋಲಿನ ಹೊರವ್ಯಾಸವನ್ನೂ ಬುಡದಲ್ಲಿ ಮತ್ತು ಸಾಕೆಟ್ಟಿನ ಬಾಯಿ ಬರುವ ಜಾಗದಲ್ಲಿ ಬರೆದುಕೊಳ್ಳಿ. ಸಾಕೆಟ್ಟಿನ ಆಳವನ್ನು ಒಂದು ಕಡ್ಡಿ ಇಳಿಸಿ ಗುರುತು ಹಾಕಿದರೆ ಸಾಕು.

ಒಂದು ಉದಾಹರಣೆ ನೋಡೋಣ. ಸಾಕೆಟ್ಟಿನ ಒಳವ್ಯಾಸ 25 ಮಿ.ಮೀ., ಕೋಲಿನ ಹೊರವ್ಯಾಸ 22 ಮಿ.ಮೀ., ಆಳ 75 ಮಿ.ಮೀ., ಸಾಕೆಟ್ಟಿನ ಮೇಲಕ್ಕೆ ಕೋಲಿನ ಎತ್ತರ 900 ಮಿ.ಮೀ. ಇರಲಿ. ಸಂದಿ ಬರೀ 3 ಮಿ.ಮೀ. ಎನಿಸುತ್ತದೆ. ಆದರೆ 75 ಮಿ.ಮೀ. ಆಳಕ್ಕೆ 3 ಮಿ.ಮೀ. ವಾಲಿದ ಕೋಲು 900 ಮಿ.ಮೀ. ಎತ್ತರಕ್ಕೆ 36 ಮಿ.ಮೀ. ವಾಲುತ್ತದೆ, ಎರಡೂ ಕಡೆ ಸೇರಿಸಿದರೆ ತುದಿಯ ಆಟ ಏಳು ಸೆಂಟಿಮೀಟರು ದಾಟುತ್ತದೆ. ಅದೇ ಸಂದಿ ಇದ್ದೂ ಸಾಕೆಟ್ಟಿನ ಆಳ 150 ಮಿ.ಮೀ. ಆಗಿದ್ದರೆ ಆಟ ಅರ್ಧಕ್ಕಿಳಿಯುತ್ತಿತ್ತು. ಹೊಸ ಸಾಕೆಟ್ಟು ಕೊಳ್ಳುವವರು ಹೊಳಪನ್ನು ನೋಡದೆ ಆಳವನ್ನು ನೋಡಿ ಕೊಳ್ಳಬೇಕೆಂದು ಹೇಳುವುದು ಈ ಕಾರಣಕ್ಕೆ. ದುರಸ್ತಿಯ ನಂತರ ಲೋಹದ ಕೋಲಿಗೆ 0.3 ಮಿ.ಮೀ. ಸಂದಿ ಉಳಿದರೆ ತುದಿಯ ಆಟ ಒಂದೊಂದು ಕಡೆಗೆ ನಾಲ್ಕು ಮಿಲಿಮೀಟರಿಗಿಂತ ಕಡಿಮೆ. ಅಷ್ಟು ಆಟವನ್ನು, ಸಾಕೆಟ್ಟಿನ ಪಕ್ಕದಿಂದ ಹಾಕುವ ಬಿಗಿಸುವ ಸ್ಕ್ರೂ (ಮುಂದೆ ವಿವರಿಸಿದೆ) ನುಂಗಿಕೊಳ್ಳುತ್ತದೆ.

ಮರದ ಕೋಲಾದರೆ ಯಾವ ತಿಂಗಳಲ್ಲಿ ಅಳೆದಿರಿ ಎಂಬುದು ಮುಖ್ಯ

ಅಲ್ಯೂಮಿನಿಯಂ ಅಥವಾ ಸ್ಟೀಲ್ ಕೊಳವೆಯ ಕೋಲಿದ್ದವರು ಈ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗಬಹುದು. ಮರ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ತೇಗ ಈ ವಿಷಯದಲ್ಲಿ ಬಹಳ ಸ್ಥಿರವಾದ ಮರ. ಆದರೂ 25 ಮಿ.ಮೀ. ದಪ್ಪದ ತೇಗದ ಕೋಲು ಏಪ್ರಿಲಿನ ಒಣ ಹವೆಗೂ ಜುಲೈಯ ಜಡಿಮಳೆಗೂ ನಡುವೆ ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರಿನಷ್ಟು ವ್ಯತ್ಯಾಸ ತೋರಿಸಬಲ್ಲದು. ಮಳೆಗಾಲದ ನಡುವೆ, ಸ್ವಾತಂತ್ರ್ಯ ದಿನಾಚರಣೆಗೆಂದು ಅವಸರದಲ್ಲಿ, ಉಬ್ಬಿದ ಕೋಲಿಗೆ ಸರಿಯಾಗಿ ಹೊಂದಿಸಿದ ಬುಷ್ (ಸಂದಿ ತುಂಬಲು ಕೋಲಿಗೂ ಸಾಕೆಟ್ಟಿಗೂ ನಡುವೆ ಹಾಕುವ ಕೊಳವೆ) ಬೇಸಗೆಯಲ್ಲಿ ಮತ್ತೆ ಕಟಕಟ ಎನ್ನುವುದು ಇದರಿಂದಲೇ. ತಿರುಗಾಮುರುಗಾ ಆದರೆ ಇನ್ನೂ ಕಷ್ಟ: ಬೇಸಗೆಯಲ್ಲಿ ತಟ್ಟಿ ಕೂರಿಸಿದ ಕೋಲು ಜೂನ್ ಕಳೆಯುವುದರೊಳಗೆ ಹಿಗ್ಗಿ, ಸಾಕೆಟ್ಟಿನಲ್ಲಿ ಸಿಕ್ಕಿಕೊಂಡು, ಎರಕದ ಸಾಕೆಟ್ಟನ್ನು ಸೀಳಿದರೂ ಸೀಳೀತು.

ನನ್ನ ಅಭಿಪ್ರಾಯದಲ್ಲಿ ಈ ಕೆಲಸಕ್ಕೆ ಕೊಡಗಿನಲ್ಲಿ ಒಳ್ಳೆಯ ಕಾಲವೆಂದರೆ ಕಾವೇರಿ ಸಂಕ್ರಮಣದ ನಂತರದ ವಾರಗಳು. ಮಳೆ ಹಿಂದೆಗೆದಿರುತ್ತದೆ, ನದಿ ಇಳಿಯುತ್ತಿರುತ್ತದೆ, ಮರ ನಡುಮಟ್ಟದ ತೇವಕ್ಕೆ ಬಂದಿರುತ್ತದೆ. ನವೆಂಬರ್ 1ರ ರಾಜ್ಯೋತ್ಸವಕ್ಕೂ ಚಳಿಗಾಲದ ಪ್ರವಾಸಿಗರಿಗೂ ದೋಣಿ ಸಿದ್ಧವಾಗಬೇಕಿರುತ್ತದೆ. ಮಳೆಯಲ್ಲೇ ಮಾಡಲೇಬೇಕಾದರೆ ಕೋಲನ್ನು ಕೆಲವು ದಿನ ಒಲೆಯ ಮೇಲಿನ ಅಟ್ಟದಲ್ಲಿ, ಬೆಂಕಿಯ ನೇರ ಝಳ ತಾಗದ ಕಡೆ ಮಲಗಿಸಿ ಒಣಗಿಸಿ, ಬಳಿಕ ಬುಡದ ತುದಿಯನ್ನೂ ಸೇರಿಸಿ ಇಡೀ ಕೋಲಿಗೆ ತೆಳು ಎಪಾಕ್ಸಿಯನ್ನೋ (ರಾಳ, ಹಾರ್ಡನರ್ ಎಂಬ ಎರಡನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟು) ಮೆರೈನ್ ವಾರ್ನಿಷನ್ನೋ ಎರಡು ಮೂರು ಕೋಟು ಹೊಡೆದು, ಅನಂತರವೇ ಅಳೆಯಿರಿ. ಮರ ನೀರನ್ನು ಹೆಚ್ಚಾಗಿ ಕುಡಿಯುವುದು ಅಡ್ಡಕೊಯ್ದ ತುದಿಯಿಂದ. ಅದನ್ನು ಮುಚ್ಚದೆ ಬರೀ ಮೈಗೆ ವಾರ್ನಿಷ್ ಹೊಡೆದರೆ ಪ್ರಯೋಜನ ಕಡಿಮೆ.

ಹೊಸ ಕೋಲು ಮಾಡಿಸುವುದಾದರೆ ತೋಟದಲ್ಲಿ ಸುಲಭವಾಗಿ ಸಿಗುತ್ತದೆಂದು ಸಿಲ್ವರ್ ಓಕನ್ನು ಆರಿಸಬೇಡಿ. ಕಾಫಿಗೆ ನೆರಳು ಕೊಡುವುದಕ್ಕೂ ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ಅದು ಒಳ್ಳೆಯದೇ ಹೊರತು, ನೀರಿನ ಮೇಲೆ ಸದಾ ಒದ್ದೆಯಾಗಿ ಒಣಗುವ ಕೆಲಸಕ್ಕೆ ಬೇಗ ಕುಂಬಾಗುತ್ತದೆ. ಬಿದಿರು ಹಗುರ ನಿಜ, ಆದರೆ ಗೆಣ್ಣುಗಳ ಏರಿಳಿತದಿಂದಾಗಿ ಯಾವ ಬುಷ್‌ನಲ್ಲೂ ನೇರವಾಗಿ ಕೂರುವುದಿಲ್ಲ.

ಸದ್ಯಕ್ಕೆ ದಿನ ದೂಡುವ ಉಪಾಯ

ನಾಳೆಯೇ ದೋಣಿ ಇಳಿಯಬೇಕು ಎಂಬ ಸಂದರ್ಭದಲ್ಲಿ ಮೇಣ ಹಚ್ಚಿದ ಪಾಲಿಯೆಸ್ಟರ್ ದಾರವನ್ನು ಕೋಲಿನ ಬುಡದಲ್ಲಿ ಎರಡು ಬೆರಳಗಲ, ಸಾಕೆಟ್ಟಿನ ಬಾಯಿ ಬರುವ ಕಡೆ ಎರಡು ಬೆರಳಗಲ, ಸುತ್ತು ಸುತ್ತು ತಾಗುವಂತೆ ಬಿಗಿಯಾಗಿ ಸುತ್ತಿ ತುದಿಯನ್ನು ಸುತ್ತಿನೊಳಗೆ ಸೇರಿಸಿ ಎಳೆಯಿರಿ. ನಡುವಿನ ಭಾಗ ಖಾಲಿ ಬಿಡಬೇಕು. ಸಂದಿ ದೊಡ್ಡದಾದರೆ ಎರಡನೆಯ ಪದರ. ಸೈಕಲ್ ಟ್ಯೂಬಿನ ಪಟ್ಟಿಯೂ ನಡೆಯುತ್ತದೆ, ಆದರೆ ರಬ್ಬರು ಕಂಪನಕ್ಕೆ ಮೆಲ್ಲನೆ ಮೇಲಕ್ಕೇರಿ ಹೊರಬರುತ್ತದೆ. ವೈರಿಂಗಿಗೆ ಬಳಸುವ ಪಿವಿಸಿ ಟೇಪನ್ನು ಸುತ್ತುವುದು ಎಲ್ಲಕ್ಕಿಂತ ಕೆಟ್ಟದ್ದು. ಬಿಸಿಲಿಗೆ ಅದರ ಅಂಟು ಕರಗಿ ಸಾಕೆಟ್ಟಿನ ಒಳಗೋಡೆಗೆ ಮೆತ್ತಿಕೊಂಡರೆ, ಮುಂದೆ ಎಪಾಕ್ಸಿ ಹಾಕುವ ದಿನ ಅದನ್ನು ಕೆರೆದು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ.

ಬುಷ್ ಹಾಕುವುದು

ಸಾಕೆಟ್ಟು ದುಂಡಗೆ ಉಳಿದಿದ್ದು, ಕೋಲು ಮಾತ್ರ ಸಣ್ಣದಾಗಿರುವ ಕಡೆ ಬುಷ್‌ನಷ್ಟು ಅಚ್ಚುಕಟ್ಟಾದ ಪರಿಹಾರ ಬೇರೊಂದಿಲ್ಲ. ಬೇಕಾದ ಗೋಡೆಯ ದಪ್ಪವನ್ನು ಕಂಡುಹಿಡಿಯಲು ಸಾಕೆಟ್ಟಿನ ಒಳವ್ಯಾಸದಿಂದ ಕೋಲಿನ ಹೊರವ್ಯಾಸವನ್ನು ಕಳೆದು ಎರಡರಿಂದ ಭಾಗಿಸಿ. ಮೇಲಿನ ಉದಾಹರಣೆಯಲ್ಲಿ ಅದು 1.5 ಮಿ.ಮೀ. ಆಗುತ್ತದೆ. ಮನೆಗಳ ವೈರಿಂಗಿಗೆ ಬಳಸುವ 25 ಮಿ.ಮೀ. ಪಿವಿಸಿ ಕಂಡ್ಯುಯಿಟ್ ಪೈಪಿನ ಹೊರವ್ಯಾಸ 25 ಮಿ.ಮೀ. ಇದ್ದು, ಗೋಡೆಯ ದಪ್ಪ ದರ್ಜೆಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಕ್ಯಾಲಿಪರನ್ನು ಕಿಸೆಯಲ್ಲಿಟ್ಟುಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ತುಂಡುಗಳನ್ನು ಅಳೆದೇ ಆರಿಸಿ. ದಪ್ಪ ಸ್ವಲ್ಪ ಹೆಚ್ಚಿದ್ದರೆ ಚಿಂತೆಯಿಲ್ಲ, ಮರಳುಕಾಗದದಲ್ಲಿ ಇಳಿಸಬಹುದು. ಕಡಿಮೆಯಾದರೆ ಮತ್ತೆ ಅದೇ ಸಡಿಲ.

ಪೈಪನ್ನು ಸಾಕೆಟ್ಟಿನ ಆಳಕ್ಕಿಂತ ಐದು ಮಿಲಿಮೀಟರು ಗಿಡ್ಡವಾಗಿ ಕತ್ತರಿಸಿ. ಉದ್ದಕ್ಕೂ ಒಂದು ಸೀಳು ಹಾಕಿ, ಸೀಳಿನ ಅಂಚುಗಳನ್ನು ನುಣ್ಣಗೆ ಉಜ್ಜಿ. ಈ ಸೀಳಿನಿಂದಾಗಿ ಬುಷ್ ಸ್ಪ್ರಿಂಗಿನಂತೆ ಕೋಲನ್ನು ಅಪ್ಪಿಕೊಳ್ಳುತ್ತದೆ, ಹಾಗೆಯೇ ನೀರಿಗೆ ಕೆಳಗಿಳಿಯಲು ದಾರಿಯೂ ಆಗುತ್ತದೆ. ಕೋಲನ್ನು ಕೂರಿಸುವಾಗ ಸೀಳು ದೋಣಿಯ ಹಿಂದಕ್ಕಾಗಲಿ ಮುಂದಕ್ಕಾಗಲಿ ಬಾರದೆ ಪಕ್ಕಕ್ಕೆ ಬರುವಂತೆ ನೋಡಿಕೊಳ್ಳಿ. ನಂತರ ಬುಷ್‌ನ ಒಳಮೈ ಮತ್ತು ಕೋಲಿನ ಬುಡವನ್ನು 80ನೆಯ ನಂಬರಿನ ಮರಳುಕಾಗದದಿಂದ ಒರಟು ಮಾಡಿ, ಅಸಿಟೋನಿನಲ್ಲಿ ಒರೆಸಿ, ತೆಳುವಾಗಿ ಎಪಾಕ್ಸಿ ಹಚ್ಚಿ, ಬುಷ್ಷನ್ನು ಕೋಲಿಗೆ ಏರಿಸಿ ದಾರದಿಂದ ಕಟ್ಟಿಡಿ. ಬುಷ್ಷನ್ನು ಸಾಕೆಟ್ಟಿಗೆ ಅಂಟಿಸುವವರೂ ಇದ್ದಾರೆ. ಕೋಲಿಗೆ ಅಂಟಿಸುವುದೇ ಮೇಲು ಎಂಬುದು ನನ್ನ ನಿಲುವು. ಮುಂದೆ ಸವೆದಾಗ ಕೋಲನ್ನು ಮಾತ್ರ ಮನೆಗೊಯ್ದು, ದೋಣಿಯನ್ನು ಮುಟ್ಟದೆ ಬದಲಿಸಬಹುದು. ಎಚ್‌ಡಿಪಿಇ ನೀರಿನ ಪೈಪಿನ ತುಂಡು ಬಳಸುವ ಯೋಚನೆಯಿದ್ದರೆ ಒಂದು ಮಾತು ನೆನಪಿಡಿ: ಅದಕ್ಕೆ ಎಪಾಕ್ಸಿ ಹಿಡಿಯುವುದಿಲ್ಲ, ಸಣ್ಣ ಸ್ಕ್ರೂ ಬೇಕಾಗುತ್ತದೆ.

ಕೆಲಸ ಇನ್ನೂ ಬಾಳಿಕೆ ಬರಬೇಕೆಂದರೆ ನೈಲಾನ್ ಸರಳಿನಿಂದ ಲೇತಿನಲ್ಲಿ ಬುಷ್ ಕಡೆಸಿ. ಕುಶಾಲನಗರದಲ್ಲಾಗಲಿ ಗೋಣಿಕೊಪ್ಪಲಿನಲ್ಲಾಗಲಿ ಕಾಫಿ ಪಲ್ಪರಿನ ಬಿಡಿಭಾಗ, ಪಂಪಿನ ಶಾಫ್ಟು ಇತ್ಯಾದಿಗಳನ್ನು ಕಡೆದುಕೊಡುವ ಲೇತಿನವರಿಗೆ ಇದು ಸಣ್ಣ ಕೆಲಸ. ಅವರಿಗೆ ಬಾಯಿಮಾತಿನ ಅಳತೆ ಕೊಡಬೇಡಿ, ಕೋಲನ್ನೂ ಸಾಧ್ಯವಾದರೆ ಬಿಚ್ಚಿದ ಸಾಕೆಟ್ಟನ್ನೂ ಒಯ್ಯಿರಿ. ಬುಷ್‌ನ ಮೇಲ್ತುದಿಯಲ್ಲಿ 3 ಮಿ.ಮೀ. ಹೊರಚಾಚಿದ ಅಂಚು ಇರಲಿ ಎಂದು ಹೇಳಿ; ಬುಷ್ ಕೆಳಗೆ ಜಾರದಂತೆ ಅದು ತಡೆಯುತ್ತದೆ, ಮಳೆನೀರಿಗೂ ಸ್ವಲ್ಪ ಕೊಡೆಯಾಗುತ್ತದೆ. ನೈಲಾನೂ ನೀರು ಹೀರಿ ಅಲ್ಪಸ್ವಲ್ಪ ಹಿಗ್ಗುವುದರಿಂದ ಸಂದಿಯನ್ನು 0.3 ಮಿ.ಮೀ.ಗಿಂತ ಕಡಿಮೆ ಮಾಡಿಸಬಾರದು.

ಸಾಕೆಟ್ಟು ಅಂಡಾಕಾರವಾಗಿ ಸವೆದಿದ್ದರೆ: ಎಪಾಕ್ಸಿಯಲ್ಲಿ ಅಚ್ಚು ತೆಗೆಯುವುದು

ಸವೆದ ಸಾಕೆಟ್ಟಿಗೆ ದುಂಡನೆಯ ಬುಷ್ ಕೂರುವುದಿಲ್ಲ. ಇಲ್ಲಿ ಕೋಲನ್ನೇ ಅಚ್ಚಾಗಿ ಬಳಸಿ, ಸುತ್ತಲಿನ ಸಂದಿಗೆ ಗಟ್ಟಿ ಎಪಾಕ್ಸಿ ತುಂಬಿ, ಕೋಲಿಗೆ ಹೊಂದುವ ಹೊಸ ಒಳಗೋಡೆಯನ್ನೇ ಕಟ್ಟಬೇಕು. ಕೆಲಸ ಕಷ್ಟದ್ದಲ್ಲ, ತಾಳ್ಮೆಯದು; ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಪಾಲು ಒಣಗಿಸುವುದು ಮತ್ತು ಶುಚಿ ಮಾಡುವುದು.

ಸಾಕೆಟ್ಟಿನೊಳಗಿನ ಕೆಸರು, ಪಾಚಿ, ಹಳೆಯ ಅಂಟನ್ನು ಬಾಟಲಿ ತೊಳೆಯುವ ಬ್ರಷ್ಷಿನಿಂದ ಸೋಪುನೀರು ಹಾಕಿ ಉಜ್ಜಿ ತೆಗೆಯಿರಿ. ತಳದಲ್ಲಿ ನೀರಿಳಿಯುವ ತೂತು ಇಲ್ಲದಿದ್ದರೆ ಈಗಲೇ 6 ಮಿ.ಮೀ. ತೂತು ಕೊರೆಯಬೇಕು. ಈ ತೂತು ದೋಣಿಯ ಹೊಟ್ಟೆಯೊಳಗೆ ತೆರೆಯಬಾರದು. ಡೆಕ್ಕಿನ ಮೇಲ್ಮಟ್ಟದಲ್ಲಿ, ಸಾಕೆಟ್ಟಿನ ಪಕ್ಕದಿಂದ ಹೊರಕ್ಕೆ ತೆರೆಯುವಂತಿರಬೇಕು. ಒಳಗೋಡೆ ಪೂರ್ತಿ ಒಣಗಲು ಬಿಸಿಲಿದ್ದರೆ ಎರಡು ದಿನ ಬಿಡಿ. ಬಿಸಿಲಿಲ್ಲದಿದ್ದರೆ ಟಾರ್ಪಾಲಿನ ಅಡಿಯಲ್ಲಿ 100 ವ್ಯಾಟಿನ ಹಳೆಯ ಬಲ್ಬೊಂದನ್ನು ಸಾಕೆಟ್ಟಿನ ಬಳಿ ಉರಿಸಿಡಿ. ಬಲ್ಬು ಟಾರ್ಪಾಲಿಗೆ ತಾಗದಿರಲಿ, ಅಸಿಟೋನಿನ ಡಬ್ಬಿ ಅದರ ಹತ್ತಿರವೂ ಇರದಿರಲಿ. ಬಳಿಕ ಒಂದು ಕಡ್ಡಿಗೆ 80ನೆಯ ನಂಬರಿನ ಮರಳುಕಾಗದ ಸುತ್ತಿ, ಲೋಹವೋ ಫೈಬರೋ ಹೊಳಪು ಹೋಗಿ ಮಾಸಲಾಗುವವರೆಗೆ ಒಳಗೋಡೆಯನ್ನು ಗೀರಿ, ಬಲ್ಬನ್ನು ತೆಗೆದ ಮೇಲೆ ಅಸಿಟೋನ್ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ ಒರೆಸಬೇಕು.

ಈಗ ಕೋಲಿನ ಸಿದ್ಧತೆ. ಪೆಟ್ಟಿಗೆ ಮುಚ್ಚಲು ಬಳಸುವ ಕಂದು ಬಣ್ಣದ ಪ್ಲಾಸ್ಟಿಕ್ ಪ್ಯಾಕಿಂಗ್ ಟೇಪನ್ನು ಸಾಕೆಟ್ಟಿನೊಳಗೆ ಹೋಗುವಷ್ಟು ಉದ್ದಕ್ಕೆ, ಸುಕ್ಕಿಲ್ಲದಂತೆ ಸುತ್ತಿ. ಎಪಾಕ್ಸಿ ಈ ಟೇಪಿಗೆ ಅಂಟುವುದಿಲ್ಲ. ಇದರ ಎರಡನೆಯ ಉಪಯೋಗವೇ ಹೆಚ್ಚು ಸೊಗಸಿನದು: ಆಮೇಲೆ ಟೇಪನ್ನು ಸುಲಿದಾಗ ಅದರ ದಪ್ಪದಷ್ಟೇ ಸಂದಿ ತಾನಾಗಿ ಉಳಿಯುತ್ತದೆ. ಲೋಹದ ಕೋಲಿಗೆ ಎರಡು ಮೂರು ಸುತ್ತು ಸಾಕು, ಮರದ ಕೋಲಿಗೆ ಐದಾರು ಸುತ್ತು ಇರಲಿ. ಟೇಪಿನ ಮೇಲೆ ನೆಲಕ್ಕೆ ಹಾಕುವ ಮೇಣದ ಪಾಲಿಷ್ ಸವರಿ ಒರೆಸಿ. ಕೋಲಿನ ಅಡಿಗೆ 5 ಮಿ.ಮೀ. ದಪ್ಪದ ರಬ್ಬರ್ ಬಿಲ್ಲೆಯನ್ನು ಸಾಕೆಟ್ಟಿನ ತಳದಲ್ಲಿಡಿ, ನೀರಿಳಿಯುವ ತೂತಿಗೆ ಮೇಣ ಹಚ್ಚಿದ ಮೊಳೆಯೊಂದನ್ನು ತೂರಿಸಿ ಮುಚ್ಚಿ.

ಎಪಾಕ್ಸಿಯ ರಾಳವನ್ನೂ ಹಾರ್ಡನರನ್ನೂ ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲೇ ಅಳೆಯಬೇಕು. ಬೇಗ ಗಟ್ಟಿಯಾಗಲೆಂದು ಹಾರ್ಡನರನ್ನು ಹೆಚ್ಚು ಹಾಕಿದರೆ ಅದು ಗಟ್ಟಿಯೂ ಆಗುವುದಿಲ್ಲ, ಮೆತ್ತಗೂ ಉಳಿಯುವುದಿಲ್ಲ, ಅಂಟಂಟಾಗಿ ಕೆಡುತ್ತದೆ. ಎರಡನ್ನೂ ಎರಡು ಮೂರು ನಿಮಿಷ ಪಾತ್ರೆಯ ಮೂಲೆಗಳನ್ನು ಕೆರೆಯುತ್ತ ಕಲಸಿದ ಮೇಲೆ ಫೈಬರ್ ಕೆಲಸದ ಅಂಗಡಿಯಲ್ಲಿ ಸಿಗುವ ಸಿಲಿಕಾ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ, ಚಮಚವನ್ನು ಓರೆ ಮಾಡಿದರೂ ಜಾರದ ಗಟ್ಟಿ ಚಟ್ನಿಯ ಹದಕ್ಕೆ ತನ್ನಿ. ಈ ಪುಡಿ ಹಗುರವಾಗಿ ಗಾಳಿಯಲ್ಲಿ ತೇಲುವುದರಿಂದ ಮುಖಕ್ಕೆ ಮಾಸ್ಕ್, ಕೈಗೆ ನೈಟ್ರೈಲ್ ಗವಸು ಕಡ್ಡಾಯ. ಕೈಗೆ ಮೆತ್ತಿದ ಎಪಾಕ್ಸಿಯನ್ನು ಅಸಿಟೋನಿನಿಂದ ತೊಳೆಯುವ ಅಭ್ಯಾಸ ಒಳ್ಳೆಯದಲ್ಲ. ಸೋಪು ಅಥವಾ ವಿನೆಗರ್ ಸಾಕು.

ದೋಣಿಯ ಫೈಬರಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ಅಗ್ಗ, ಅದೇ ಆಗದೇ ಎಂದು ಕೇಳುವವರಿದ್ದಾರೆ. ಅದು ಗಟ್ಟಿಯಾಗುವಾಗ ಎಪಾಕ್ಸಿಗಿಂತ ಹೆಚ್ಚು ಕುಗ್ಗುತ್ತದೆ, ಲೋಹವನ್ನು ಚೆನ್ನಾಗಿ ಹಿಡಿಯುವುದಿಲ್ಲ. ಪೈಪಿನ ಸೋರಿಕೆಗೆ ಬಳಸುವ ಎಂ-ಸೀಲ್‌ನಂಥ ಕೈಯಲ್ಲಿ ನಾದುವ ಪುಟ್ಟಿಯೂ ಒಂದೆರಡು ಮಿಲಿಮೀಟರಿನ ಸಂದಿಯ ಆಳಕ್ಕೆ ಸರಿಯಾಗಿ ಇಳಿಯದೆ ನಡುವೆ ಪೊಳ್ಳು ಬಿಡುತ್ತದೆ.

ಕಲಸಿದ ಎಪಾಕ್ಸಿಯನ್ನು ಸಾಕೆಟ್ಟಿನ ಒಳಗೋಡೆಗೆ, ಕೆಳಗಿನಿಂದ ಮೂರನೆಯ ಎರಡು ಭಾಗದವರೆಗೆ, ಗಾಳಿ ಸಿಕ್ಕಿಕೊಳ್ಳದಂತೆ ಬಳಿಯಿರಿ. ಕೋಲನ್ನು ಮೆಲ್ಲಗೆ ತಿರುಗಿಸುತ್ತ ಕೆಳಗಿಳಿಸಿ. ಎಪಾಕ್ಸಿ ಸುತ್ತಲೂ ಸಮನಾಗಿ ಬಾಯಿಂದ ಉಕ್ಕಿ ಬರಬೇಕು. ಒಂದು ಕಡೆ ಬಾರದಿದ್ದರೆ ಕೋಲನ್ನು ಹೊರತೆಗೆದು ಅಲ್ಲಿ ಇನ್ನಷ್ಟು ಬಳಿದು ಮತ್ತೆ ಇಳಿಸಿ. ಬಾಯಲ್ಲಿ ಮೂರು ಕಡೆ ಬೆಂಕಿಕಡ್ಡಿಯ ತುಂಡುಗಳನ್ನು ಸಿಕ್ಕಿಸಿ ಕೋಲನ್ನು ನಡುಮಧ್ಯಕ್ಕೆ ತಂದು, ಮೇಲ್ತುದಿಯಿಂದ ಎರಡು ದಾರಗಳನ್ನು ದೋಣಿಯ ಎರಡೂ ಬದಿಗೆ ಕಟ್ಟಿ ನಿಲ್ಲಿಸಿ. ಹಿಂದಿನಿಂದ ನೋಡಿದಾಗ ಕೋಲು ನೆಟ್ಟಗಿರಬೇಕು. ಪಕ್ಕದಿಂದ ನೋಡಿದಾಗ ಸ್ವಲ್ಪ ಹಿಂದಕ್ಕೆ ವಾಲಿದ್ದರೆ ಬಾವುಟ ಎಂಜಿನ್ನಿನಿಂದ ದೂರ ಉಳಿಯುತ್ತದೆ, ಆದರೆ ಎಂಜಿನ್ನನ್ನು ಮೇಲಕ್ಕೆ ಎತ್ತಿದಾಗ ಅದು ಕೋಲಿಗೆ ತಾಗುವುದಿಲ್ಲವೆಂಬುದನ್ನು ಈಗಲೇ ಎತ್ತಿ ನೋಡಿ ಖಚಿತಪಡಿಸಿಕೊಳ್ಳಿ. ಗಟ್ಟಿಯಾದ ಮೇಲೆ ಕೋನವನ್ನು ಬದಲಿಸಲಾಗದು.

ಉಕ್ಕಿದ್ದನ್ನು ಒರೆಸಿದ ಬಳಿಕ ಕಾಯುವ ಕೆಲಸ. ಎಪಾಕ್ಸಿ ರಬ್ಬರಿನಷ್ಟು ಬಿಗಿಯಾದಾಗ, ಅಂದರೆ ಉಗುರು ಒತ್ತಿದರೆ ಗುರುತು ಬಿದ್ದು ಅಂಟದೆ ಇರುವ ಹಂತದಲ್ಲಿ, ಬೆಂಕಿಕಡ್ಡಿಗಳನ್ನು ಕಿತ್ತು ಕೋಲನ್ನು ಕಾಲುಸುತ್ತು ತಿರುಗಿಸಿ ಮತ್ತೆ ಅದೇ ಜಾಗಕ್ಕೆ ತನ್ನಿ. ಈ ಒಂದು ತಿರುವನ್ನು ಮರೆತರೆ ಮರುದಿನ ಕೋಲನ್ನು ಬಿಡಿಸಲು ಸುತ್ತಿಗೆ ಬೇಕಾದೀತು. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಎಪಾಕ್ಸಿ ಗಟ್ಟಿಯಾಗುವ ಹೊತ್ತು ಸರಿಸುಮಾರು ಇಮ್ಮಡಿಯಾಗುತ್ತದೆ. ಮಡಿಕೇರಿಯ ಡಿಸೆಂಬರಿನ ರಾತ್ರಿಗೂ ಕುಶಾಲನಗರದ ಏಪ್ರಿಲಿನ ಹಗಲಿಗೂ ಒಂದೇ ಲೆಕ್ಕ ನಡೆಯುವುದಿಲ್ಲ. ಮೂರು ದಿನ ಬಿಡದೆ ಬಾವುಟ ಕಟ್ಟಬೇಡಿ, ಚಳಿಗಾಲದಲ್ಲಿ ಒಂದು ವಾರ ಬಿಡಿ.

ಕೋಲನ್ನು ತೆಗೆದು ಟೇಪು ಸುಲಿದಾಗ ಹೊಸ ಗೋಡೆಯ ಮೇಲೆ ಎಣ್ಣೆ ಸವರಿದಂಥ ಪೊರೆ ಕಂಡರೆ ಗಾಬರಿ ಬೇಡ. ತೇವದ ಗಾಳಿಯಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಅದು ಏಳುವುದುಂಟು. ಮರಳುಕಾಗದಕ್ಕೆ ಮೊದಲು ನೀರು ಹಾಕಿ ಸ್ಪಂಜಿನಲ್ಲಿ ತೊಳೆಯಿರಿ, ತೊಳೆಯದೆ ಉಜ್ಜಿದರೆ ಪೊರೆ ಒಳಕ್ಕೆ ಮೆತ್ತುತ್ತದೆ. ತೂತಿನ ಮೊಳೆಯನ್ನು ಕಿತ್ತು, ಎಪಾಕ್ಸಿ ಅಡ್ಡ ಬಂದಿದ್ದರೆ ಡ್ರಿಲ್ಲಿನಿಂದ ಬಿಡಿಸಿ, ಒಂದು ಲೋಟ ನೀರು ಸುರಿದು ಹರಿಯುವುದನ್ನು ನೋಡಿ. ಬಾಯಿಯ ಅಂಚನ್ನು ಹೊರಕ್ಕೆ ಇಳಿಜಾರು ಮಾಡಿ ಬಣ್ಣ ಹೊಡೆಯಿರಿ. ಬಿಸಿಲಿಗೆ ಒಡ್ಡಿದ ಎಪಾಕ್ಸಿ ಕ್ರಮೇಣ ಹಳದಿಯಾಗಿ ಪುಡಿಯೇಳುತ್ತದೆ.

ತಳವೇ ಬಿಟ್ಟಿದ್ದರೆ

ಫೈಬರಿಗೆ ನೇರವಾಗಿ ಹೊಡೆದ ಸ್ಕ್ರೂ ಒಮ್ಮೆ ತನ್ನ ಥ್ರೆಡ್ಡನ್ನು ತಿಂದ ಮೇಲೆ ಅದಕ್ಕಿಂತ ದಪ್ಪ ಸ್ಕ್ರೂ ಹಾಕುತ್ತ ಹೋಗುವುದರಲ್ಲಿ ಅರ್ಥವಿಲ್ಲ. ದೋಣಿಯ ಮೈಯನ್ನು ತೂರಿ ಆಚೆ ಬರುವ ಬೋಲ್ಟ್ ಹಾಕಬೇಕು, ಹಿಂಬದಿಯಲ್ಲಿ ಭಾರವನ್ನು ಹಂಚುವ ಹಲಗೆ ಕೊಡಬೇಕು. ಸಾಕೆಟ್ಟಿನ ತಳದ ಎರಡರಷ್ಟು ಅಗಲದ, 12 ಮಿ.ಮೀ. ದಪ್ಪದ ಪ್ಲೈವುಡ್ ತುಂಡು ಸಾಕು, ಆದರೆ ಅದರ ಮೇಲೆ ಐಎಸ್ 710 ಎಂಬ ಮುದ್ರೆ ಇರಬೇಕು; ಅದು ಮೆರೈನ್ ಪ್ಲೈವುಡ್‌ನ ಭಾರತೀಯ ಮಾನಕ. ಐಎಸ್ 303 ಮುದ್ರೆಯದು ಮನೆಯ ಪೀಠೋಪಕರಣಕ್ಕೆ ಸರಿ, ದೋಣಿಗಲ್ಲ. ತುಂಡಿನ ಅಂಚುಗಳಿಗೂ ತೂತುಗಳ ಒಳಮೈಗೂ ಎರಡು ಕೋಟು ಎಪಾಕ್ಸಿ ಕುಡಿಸಿ.

ಸಾಕೆಟ್ಟು ಕೂತಿರುವ ದೋಣಿಯ ಮೈ ಮರದ ತಿರುಳಿರುವ ಫೈಬರಾದರೆ ಹಳೆಯ ತೂತುಗಳನ್ನು 10 ಮಿ.ಮೀ.ಗೆ ದೊಡ್ಡದು ಮಾಡಿ, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ 6.5 ಮಿ.ಮೀ. ಕೊರೆದು ಎಂ6 ಬೋಲ್ಟ್ ಹಾಕಿ. ಹೀಗೆ ಮಾಡಿದರೆ ನೀರು ತಿರುಳಿಗೆ ತಲುಪುವುದಿಲ್ಲ. ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನ (ಎಸ್‌ಎಸ್) 304 ದರ್ಜೆಯದಾದರೆ ಸಾಕು. ಸಮುದ್ರದ ದೋಣಿಗಳಿಗೆ ಹೇಳುವ 316 ದರ್ಜೆಗೆ ಕಾವೇರಿಯ ಸಿಹಿನೀರಿನಲ್ಲಿ ಹಣ ಸುರಿಯುವ ಅಗತ್ಯವಿಲ್ಲ. ತಳದ ಅಡಿಗೆ ನೀರು ಸೋರದಂತೆ ತಡೆಯುವ ಪಾಲಿಯುರೆಥೇನ್ ಸೀಲಂಟ್ ಹಚ್ಚಿ, ಮೊದಲು ಕೈಬೆರಳಿನ ಬಿಗಿಗೆ ಮಾತ್ರ ನಿಲ್ಲಿಸಿ, ಸೀಲಂಟ್ ರಬ್ಬರಿನಂತಾದ ಮೇಲೆ ಮರುದಿನ ಬೋಲ್ಟಿನ ತಲೆಯನ್ನು ಅಲುಗದಂತೆ ಹಿಡಿದು ನೈಲಾಕ್ ನಟ್ಟನ್ನು (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವ ನಟ್ಟು) ಅರ್ಧಸುತ್ತು ಬಿಗಿಸಿ. ಒಮ್ಮೆಗೇ ಬಿಗಿಸಿದರೆ ಸೀಲಂಟೆಲ್ಲ ಹೊರಗೆ ಹಿಂಡಿಹೋಗಿ ಲೋಹವೂ ಫೈಬರೂ ಒಣದಾಗಿ ಉಳಿಯುತ್ತವೆ.

ಬಿಗಿಸುವ ಸ್ಕ್ರೂ ಮತ್ತು ಕಾವಲಿನ ಹಗ್ಗ

ಬುಷ್ ಆಗಲಿ ಅಚ್ಚಾಗಲಿ ಆದ ಮೇಲೆ ಉಳಿದ ಕೂದಲೆಳೆಯ ಆಟವನ್ನು ನಿಲ್ಲಿಸಲು ಸಾಕೆಟ್ಟಿನ ಪಕ್ಕದಿಂದ ಕೈಯಲ್ಲೇ ತಿರುಗಿಸಬಹುದಾದ ಸ್ಕ್ರೂ ಒಂದು ಬೇಕು. ಲೋಹದ ಸಾಕೆಟ್ಟಿನ ಗೋಡೆ ಮೂರು ಮಿಲಿಮೀಟರಿಗಿಂತ ದಪ್ಪವಿದ್ದರೆ ಬಾಯಿಂದ ಕೆಳಕ್ಕೆ ಮೂರನೆಯ ಒಂದು ಭಾಗದಲ್ಲಿ, ದೋಣಿಯ ಮುಂದಿನ ಕಡೆಯಿಂದ, 5 ಮಿ.ಮೀ. ತೂತು ಕೊರೆದು ಎಂ6 ಟ್ಯಾಪಿನಿಂದ ತೂತಿನೊಳಗೆ ಥ್ರೆಡ್ ಕೊರೆಯಿರಿ. ಬಾವುಟ ಕೋಲನ್ನು ಯಾವ ಕಡೆ ಎಳೆಯುತ್ತದೋ ಅದೇ ಕಡೆಗೆ ಸ್ಕ್ರೂ ಒತ್ತಬೇಕೆಂಬುದು ಇದರ ಲೆಕ್ಕಾಚಾರ. ಸ್ಕ್ರೂವಿನ ಮೊನೆ ಮರವನ್ನಾಗಲಿ ಕೊಳವೆಯನ್ನಾಗಲಿ ಕಚ್ಚದಂತೆ ನಡುವೆ ಸಣ್ಣ ನೈಲಾನ್ ಬಿಲ್ಲೆ ಇಡಿ. ಟೊಳ್ಳು ಅಲ್ಯೂಮಿನಿಯಂ ಕೋಲಾದರೆ ಬುಡದೊಳಗೆ ಬಿಗಿಯಾದ ಮರದ ಬೆಣೆಯೊಂದನ್ನು ಹೊಡೆದು ಗಟ್ಟಿ ಮಾಡಿಕೊಳ್ಳಿ, ಇಲ್ಲದಿದ್ದರೆ ಸ್ಕ್ರೂ ಒತ್ತಿದಲ್ಲಿ ತಗ್ಗು ಬೀಳುತ್ತದೆ. ಸ್ಟೀಲ್ ಸ್ಕ್ರೂ ಅಲ್ಯೂಮಿನಿಯಮ್ಮಿನಲ್ಲಿ ಕಚ್ಚಿಕೊಳ್ಳದಿರಲು ಥ್ರೆಡ್ಡಿಗೆ ಸ್ವಲ್ಪ ಗ್ರೀಸು.

ಕೋಲಿನ ಬುಡದಿಂದ ದೋಣಿಯ ಕೊಕ್ಕೆಗೆ ಮೊಳದುದ್ದದ ತೆಳು ನೈಲಾನ್ ಹಗ್ಗ ಕಟ್ಟಿರಲಿ. ಸ್ಕ್ರೂ ಎಂದೋ ಒಂದು ದಿನ ಸಡಿಲವಾಗುತ್ತದೆ, ಆ ದಿನ ಕೋಲು ಹೊಳೆಯ ಪಾಲಾಗಬಾರದು.

ಪರೀಕ್ಷೆಗೆ ತೋಟದಲ್ಲಿ ತೂಕಕ್ಕೆ ಬಳಸುವ ಸ್ಪ್ರಿಂಗ್ ತಕ್ಕಡಿ ಸಾಕು. ಕೋಲಿನ ತುದಿಗೆ ಕೊಕ್ಕೆ ಹಾಕಿ ಎರಡು ಕಿಲೋ ತೋರಿಸುವಷ್ಟು ಹಿಂದಕ್ಕೆ ಎಳೆದು ಬಿಡಿ. ಕೋಲು ತುಸು ಬಾಗಿ, ಸದ್ದಿಲ್ಲದೆ ತನ್ನ ಜಾಗಕ್ಕೆ ಬರಬೇಕು. ಟಕ್ ಎಂದರೆ ಬಾಯಿಯ ಬಳಿ ಇನ್ನೂ ಸಂದಿಯಿದೆ. ಒಂದೆರಡು ಪದರ ತೆಳು ಹೀಟ್ ಶ್ರಿಂಕ್ ಟ್ಯೂಬನ್ನು (ಬಿಸಿಗೆ ಕುಗ್ಗಿ ಅಪ್ಪಿಕೊಳ್ಳುವ ಪ್ಲಾಸ್ಟಿಕ್ ಕೊಳವೆ) ಕೋಲಿನ ಆ ಭಾಗಕ್ಕೆ ಏರಿಸಿ ಬಿಸಿಗಾಳಿ ಹಿಡಿದರೆ ಅದು ತೀರುತ್ತದೆ.

ಬಾವುಟದ ಗಾತ್ರ

ಗಟ್ಟಿಯಾಗಿ ಕೂರಿಸಿದ ಕೋಲಿಗೆ ಅಳತೆ ಮೀರಿದ ಬಾವುಟ ಕಟ್ಟಿದರೆ ಶ್ರಮವೆಲ್ಲ ವ್ಯರ್ಥ. ದೋಣಿಯ ಪ್ರತಿ ಅಡಿ ಉದ್ದಕ್ಕೆ ಬಾವುಟದ ಉದ್ದ ಒಂದು ಅಂಗುಲ ಎಂಬುದು ದೋಣಿಗಾರರಲ್ಲಿ ರೂಢಿಯಲ್ಲಿರುವ ಲೆಕ್ಕ. ಹದಿನೆಂಟು ಅಡಿಯ ದೋಣಿಗೆ ಹದಿನೆಂಟು ಅಂಗುಲ, ಅಂದರೆ ಸುಮಾರು 450 ಮಿ.ಮೀ. ರಾಷ್ಟ್ರಧ್ವಜದ ನಿಗದಿತ ಅಳತೆಗಳಲ್ಲಿ 450 ಮತ್ತು 300 ಮಿ.ಮೀ.ನದು ಒಂದು, 3:2ರ ಪ್ರಮಾಣವೂ ಅದರಲ್ಲಿ ಸರಿಯಾಗಿ ಬರುತ್ತದೆ. 2021ರ ಡಿಸೆಂಬರ್ 30ರ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶವಿದ್ದು, ತುಂತುರು ನೀರಿನಲ್ಲಿ ಅದು ಹತ್ತಿಗಿಂತ ಬೇಗ ಒಣಗಿ ಕೋಲಿಗೆ ಭಾರ ಹೇರುವುದಿಲ್ಲ. ಭಾರತದ ಧ್ವಜ ಸಂಹಿತೆ 2002ರ ಪ್ರಕಾರ ರಾಷ್ಟ್ರಧ್ವಜವನ್ನು ದೋಣಿಯ ಚಾವಣಿಗಾಗಲಿ ಪಕ್ಕಗಳಿಗಾಗಲಿ ಹೊದಿಸುವಂತಿಲ್ಲ, ಅದು ನೀರಿನಲ್ಲಿ ಎಳೆದಾಡುವಂತಿಲ್ಲ, ಹರಿದದ್ದನ್ನು ಹಾರಿಸುವಂತಿಲ್ಲ. ಕೋಲು ವಾಲಿದರೆ ಧ್ವಜದ ಕೆಳಮೂಲೆ ನೀರಿಗೆ ತಾಗುವಷ್ಟು ಗಿಡ್ಡವಾಗಿದೆಯೇ ಎಂಬುದನ್ನು ಜನ ತುಂಬಿದ ದೋಣಿಯಲ್ಲಿ ನೋಡಬೇಕು, ಖಾಲಿ ದೋಣಿಯಲ್ಲಲ್ಲ.

ಮಳೆಗಾಲದ ವಿರಾಮ

ಜೂನಿನಲ್ಲಿ ಹೊಳೆ ಏರಿ ದೋಣಿ ದಡ ಸೇರಿದ ಮೇಲೆ ಕೋಲನ್ನು ಸಾಕೆಟ್ಟಿನಲ್ಲೇ ಬಿಡಬೇಡಿ. ಸ್ಕ್ರೂ ಸಡಿಲಿಸಿ ಕೋಲನ್ನು ತೆಗೆದು, ಬುಡವನ್ನು ಒರೆಸಿ, ಮನೆಯೊಳಗೆ ಎರಡು ಗೂಟಗಳ ಮೇಲೆ ಅಡ್ಡಲಾಗಿ ಇಡಿ. ಗೋಡೆಗೆ ಒರಗಿಸಿಟ್ಟರೆ ಮರದ ಕೋಲು ಬಿಲ್ಲಿನಂತೆ ಬಾಗುತ್ತದೆ. ಸಾಕೆಟ್ಟಿನ ಬಾಯಿಗೆ ಪೈಪಿನ ಪ್ಲಾಸ್ಟಿಕ್ ಮುಚ್ಚಳ ಹಾಕಿ, ತಳದ ತೂತನ್ನು ಮಾತ್ರ ತೆರೆದಿಡಿ. ಅಕ್ಟೋಬರಿನಲ್ಲಿ ಕೋಲನ್ನು ಮತ್ತೆ ಇಳಿಸುವ ಮುನ್ನ ಆ ತೂತಿಗೆ ಒಂದು ತಂತಿ ತೂರಿಸಿ ನೋಡಿ, ಕಣಜಗಳು ಅದರೊಳಗೆ ಮಣ್ಣಿನ ಗೂಡು ಕಟ್ಟಿರುವುದುಂಟು.